ಒಗ್ಗುವ ಸುಸ್ತು

ಫಿಲೋಮಿನಾ ಮೇಡಂ ಹಂಚಿದ ಹಾಳೆಯಲ್ಲಿ
ಒಂದೇ ಪ್ರಶ್ನೆ, ಕೆಳಗೆ ಹನ್ನೆರಡು ಗೆರೆ:
ಹತ್ತು ವರ್ಷದ ನಂತರ ನೀವು ಎಲ್ಲಿರುತ್ತೀರಿ?
ನಾನು ಬರೆದೆ: ನಗರ್ತಪೇಟೆ, ಮೂರನೇ ಅಡ್ಡರಸ್ತೆ,
ನೀರಿನ ತೊಟ್ಟಿ ಪಕ್ಕದ ಮಹಡಿ ಮನೆ.
ಕೆಂಪು ಶಾಯಿ ಹೊತ್ತು ಮರಳಿ ಬಂತು ಹಾಳೆ:
‘ಸ್ಥಳ ಅಲ್ಲಮ್ಮ, ಸ್ಥಾನ.’

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.
ಪಕ್ಕದ ನಾಜ್ನೀನ್ ಬರೆದಿದ್ದಳು ಸಿ.ಎ.,
ಹಿಂದಿನ ಬೆಂಚಿನ ತೇಜಾವತಿ ಐ.ಎ.ಎಸ್.,
ಎರಡು ಸಲ ತಿದ್ದಿ, ಮೇಲೊಂದು ನಕ್ಷತ್ರ.
ನನ್ನ ಹನ್ನೆರಡು ಗೆರೆಯಲ್ಲಿ ಹತ್ತು ಹಾಗೇ ಉಳಿದವು.

ಅಪ್ಪ ತಕ್ಕಡಿ ರಿಪೇರಿ ಮಾಡುವವನು.
ಅವೆನ್ಯೂ ರಸ್ತೆಯ ಮೆಟ್ಟಿಲ ಕೆಳಗೆ ಒಬ್ಬ ಕೂರುವಷ್ಟು ಜಾಗ,
ಮೊಳೆಗೆ ನೇತುಬಿದ್ದ ದಂಡಿಗಳು, ಹಿತ್ತಾಳೆ ತಟ್ಟೆ, ಸರಪಳಿ,
ವರ್ಷವರ್ಷದ ಮುದ್ರೆ ಬಿದ್ದ ತೂಕದ ಕಲ್ಲುಗಳು.
ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ
ಗಿರಾಕಿಗಿಂತ ಪಾರಿವಾಳ ಜಾಸ್ತಿ.
ಆದರೂ ಅವನ ಮಾತು ಒಂದೇ:
‘ಸಾಮಾನು ಇಡೋಕೆ ಮುಂಚೆ ಖಾಲಿ ತಟ್ಟೆ ನೋಡು.
ಅದೇ ವಾಲಿದ್ರೆ ಇನ್ನೇನು ತೂಗಿ ಏನು?’

ನನ್ನ ಖಾಲಿ ತಟ್ಟೆಗೆ ಎಲ್ಲರೂ ಇಡುವವರೇ.
ಬ್ಯಾಂಕ್ ಪರೀಕ್ಷೆ ಕಟ್ಟು ಎಂದರು ಮುನಿಸ್ವಾಮಿ ದೊಡ್ಡಪ್ಪ.
ಬಿ.ಎಡ್. ಮಾಡು, ಬೇಸಿಗೆ ರಜೆ ಸಿಗುತ್ತೆ ಅಂದಳು ಅಕ್ಕ.
ಚೀಟಿ ನಡೆಸುವ ರಾಜಣ್ಣ ಮದುವೆ ಎಂದರು,
ಅದೂ ಒಂದು ಲೈನೇ ಎಂಬಂತೆ.
ಗುರಿ ಅಂದರೆ ಆಗ ನನಗೆ
ಮೆಜೆಸ್ಟಿಕ್‌ನಲ್ಲಿ ಬಸ್ಸಿನ ನೆತ್ತಿಯ ಬೋರ್ಡು.
ಎಲ್ಲರ ಬಸ್ಸಿಗೂ ಇತ್ತು,
ನನ್ನದಕ್ಕೆ ಇನ್ನೂ ತಿರುಗಿಸುತ್ತಲೇ ಇದ್ದರು.

ಒಂದು ರಾತ್ರಿ ಅಪ್ಪನನ್ನೇ ಕೇಳಿದೆ.
ದಂಡಿಯ ಮುಳ್ಳು ಉಜ್ಜುತ್ತಾ, ತಲೆಯೆತ್ತದೆ ಅಂದ:
‘ಇಷ್ಟಗಿಷ್ಟ ನನಗೆ ಗೊತ್ತಾಗಲ್ಲ ಮಗಾ.
ಯಾವ ಕೆಲಸ ಮಾಡಿದ್ರೂ ಸಂಜೆಗೆ ಸುಸ್ತಾಗುತ್ತೆ.
ಯಾವ ಸುಸ್ತು ನಿನಗೆ ಒಗ್ಗುತ್ತೆ, ಅದನ್ನ ನೋಡ್ಕೋ.’

ನೋಡಿಕೊಂಡೆ.
ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಎರಡು ತಿಂಗಳು:
ಕೆನ್ನೆಯ ಸುಸ್ತು. ಮನೆಗೆ ಬಂದರೂ ನಗು ಇಳಿಯುತ್ತಿರಲಿಲ್ಲ,
ಕನ್ನಡಿಗೆ ಬೆನ್ನು ಹಾಕಿ ಮಲಗುತ್ತಿದ್ದೆ.
ಆಡಿಟರ್ ಆಫೀಸಿನಲ್ಲಿ ಮೂರು ವಾರ: ಕಣ್ಣಿನ ಸುಸ್ತು,
ಮುಚ್ಚಿದರೂ ರೆಪ್ಪೆಯೊಳಗೆ ಅಂಕಿ ಹರಿದಾಡುತ್ತಿದ್ದವು.
ಒಳ್ಳೆಯ ಜನ, ಟೈಮಿಗೆ ಸರಿಯಾಗಿ ಟೀ. ಒಗ್ಗಲಿಲ್ಲ.

ಆಮೇಲೆ ಅತ್ತೆಯ ಸೊಂಟ ಮುರಿದು
ವಿಕ್ಟೋರಿಯಾದಲ್ಲಿ ಹನ್ನೆರಡು ರಾತ್ರಿ.
ಪಕ್ಕದ ಮಂಚದ ಅಜ್ಜಿಗೂ ನೀರು, ಆಚೆ ಮಂಚಕ್ಕೂ ಬೆಡ್‌ಪ್ಯಾನು,
ಯಾರೂ ಹೇಳಿರಲಿಲ್ಲ.
ಡ್ರಿಪ್ಪಿನ ಹನಿ ಎಣಿಸಲು ಸಿಸ್ಟರ್ ಗ್ಲಾಡಿಸ್ ಕಲಿಸಿದರು,
ಮಾರನೆಯ ರಾತ್ರಿ ತಪ್ಪಿದ್ದಕ್ಕೆ ಬೈದರು ಕೂಡ.
ಬೆಳಗಿಗೆ ಪಾದ ಊದಿ ಚಪ್ಪಲಿಗೆ ಹಿಡಿಸದು.
ಚಪ್ಪಲಿ ಕೈಯಲ್ಲಿ ಹಿಡಿದು ಕಾರಿಡಾರಿನುದ್ದಕ್ಕೂ ನಡೆದೆ,
ತಣ್ಣಗಿತ್ತು ನೆಲ.
ಮನೆಗೆ ಹೋಗಿ ಕೊರಡಿನ ಹಾಗೆ ಬಿದ್ದುಕೊಂಡೆ.
ಎದ್ದ ಮೇಲೆ ಯಾರನ್ನೂ ಬೈಯಲಿಲ್ಲ.

ಅದನ್ನು ಗುರಿ ಅನ್ನಬಹುದೋ ಏನೋ.
ಅರ್ಜಿ ಹಾಕಿದೆ. ಮೊದಲ ವರ್ಷ ಸೀಟು ಸಿಗಲಿಲ್ಲ.
ಎರಡನೆಯ ವರ್ಷ ಸಿಕ್ಕಿತು, ಅನಾಟಮಿಯಲ್ಲಿ ಒಮ್ಮೆ ಡುಮ್ಕಿ.
ಸೀರೆ ಮಡಿಸುವುದೇ ವಾಸಿಯಿತ್ತು ಅಂತ
ಈಗಲೂ ಅನ್ನಿಸುವುದುಂಟು,
ಯಾರಾದರೂ ಸತ್ತ ದಿನ.

ಇವತ್ತು ನೈಟ್ ಡ್ಯೂಟಿ ಮುಗಿಸಿ ಮಾರ್ಕೆಟ್ಟಿಗೆ ಬಂದೆ.
ಆರೂವರೆ. ಸೇವಂತಿಗೆ ರಾಶಿ. ಕಾಲು ಕೇಜಿ ಕೇಳಿದೆ.
ಹಳೇ ದಂಡಿ ತಕ್ಕಡಿ,
ಕಣ್ಣು ತಾನಾಗಿ ಮುಳ್ಳಿನ ಮೇಲೆ ಹೋಯಿತು.
‘ತಟ್ಟೆ ಖಾಲಿ ಮಾಡಿ ಒಂದ್ಸಲ ಎತ್ತಿ ಅಣ್ಣಾ’ ಅಂದೆ.
ಅವನು ಮೇಲಿಂದ ಕೆಳಗೆ ನೋಡಿದ,
ಮಡಿಸಿಟ್ಟ ಬಿಳಿ ಕೋಟು, ಊದಿದ ಕಾಲು:
‘ಯಾರಮ್ಮ ನೀನು, ಇನ್ಸ್‌ಪೆಕ್ಟರ್ರಾ?’

ಸ್ಥಾನ ಕೇಳುತ್ತಿದ್ದಾನೆ.
ಬಾಯಿಗೆ ಬಂದದ್ದು ಸ್ಥಳ:
‘ನಗರ್ತಪೇಟೆ. ತಕ್ಕಡಿ ಪಿಳ್ಳಪ್ಪನ ಮಗಳು.’

ತಟ್ಟೆಯಡಿಯ ಹುಣಸೆಹಣ್ಣು ಕೆರೆದು ತೆಗೆದ.
ಎರಡು ಹೂ ಜಾಸ್ತಿಯೇ ಹಾಕಿದ.