ತೂಕದವನು ಹೇಳಿದ್ದು

ಕಬ್ಬಿನ ಗಾಡಿಗಳ ಸಾಲಿನಲ್ಲೇ ನಿಂತಿತ್ತು ಅದೂ.
ಮುಂದೆ ಬೋರಯ್ಯನ ಜೋಡೆತ್ತು,
ಹಿಂದೆ ಹಾರನ್ನು ಬಡಿಯುವ ಲಾರಿ,
ನಡುವೆ ಟೆಂಪೋದ ಮೇಲೆ ಹುಲ್ಲಿನ ಹಾಸಿಗೆಯಲ್ಲಿ
ಬಿಳಿಯ ಒಂದು ದೋಣಿ,
ಹೊಲ ತಪ್ಪಿ ಬಂದ ಮೀನಿನ ಹಾಗೆ.

'ಏನವ್ವಾ, ಆಟದ ಸಾಮಾನಾ?'
'ಒಬ್ಬಳೇ ಕೂರೋದು ಅಣ್ಣ' ಅಂದಳು ಚಿಕ್ಕತಾಯಿ,
ಸೀಟಿನಿಂದ ಇಳಿಯದೆ.
ಊರುಗೋಲು ಎರಡೂ ಅವಳ ಕಾಲಬುಡದಲ್ಲಿ ಮಲಗಿದ್ದವು.

ಕನ್ನಂಬಾಡಿ ಹಿನ್ನೀರಿನ ಕಡೆಯವಳು.
ಅವಳಪ್ಪ ಹರಿಗೋಲು ಹಾಕುತ್ತಿದ್ದ.
ಹರಿಗೋಲಿಗೆ ಮುಖವಿಲ್ಲ, ಬೆನ್ನಿಲ್ಲ,
ಎತ್ತ ಹೋದರೂ ಮುಂದೆಯೇ.
ಇದಕ್ಕೆ ಮೂತಿ ಇದೆ, ಹಠ ಇದೆ,
ಹೊಟ್ಟೆಯಡಿ ಸೀಸದ ಒಂಟಿ ರೆಕ್ಕೆ ಇದೆ.
ಗಾಳಿ ಒರಗಿಸುತ್ತದಂತೆ, ಸೀಸ ಎಬ್ಬಿಸುತ್ತದಂತೆ.
ಬೇಸಿಗೆಯಲ್ಲಿ ನೀರು ಇಳಿದಾಗ
ಆ ರೆಕ್ಕೆ ಮುಳುಗಿದ ಊರಿನ ಬದುಗಳಿಗೆ ತಗಲುತ್ತದಂತೆ;
ಯಾರ ಹೊಲ ಅಂತ ಅಪ್ಪನನ್ನು ಕೇಳಿದರೆ
ಸದ್ದಿನ ಮೇಲೆ ಹೇಳುತ್ತಿದ್ದನಂತೆ.
'ಮಗುಚಲ್ವಾ?'
'ಮಗುಚಲ್ಲ. ಮುಳುಗಬೋದು.'
ನಗಲಿಲ್ಲ ಹೇಳುವಾಗ.

ತೂಕದ ಹಲಗೆಯ ಮೇಲೆ ಇಳಿಸಿದೆವು.
ಕೆಂಪು ಅಂಕಿ ಬಂತು: ಇನ್ನೂರ ಅರವತ್ತು.
'ಸರಿಯಾಯ್ತಲ್ಲ?'
'ನಿಮ್ಮ ಯಂತ್ರ ಹತ್ತು ಹತ್ತು ಕೆಜಿ ಹೆಜ್ಜೆ ಹಾಕ್ತದೆ.
ಅಲ್ಲಿ ಒಂದು ಚಟಾಕು ಕಮ್ಮಿ ಇದ್ರೂ ನೀರಿಗೆ ಬಿಡಾಕಿಲ್ಲ.'

ಹತ್ತು ಕೆಜಿ.
ಆ ಹೆಜ್ಜೆಯ ಸಂದಿನಲ್ಲೇ
ನನ್ನ ಮನೆಗೆ ತಾರಸಿ ಬಂದದ್ದು,
ಯಾರಿಗೆ ಹೇಳಲಿ.

ಕೊನೆಗೆ ಬೆಲ್ಲದ ಮಂಡಿಯ ಕೊಕ್ಕೆ ತಕ್ಕಡಿ,
ಆಲೆಮನೆಯ ಸರಪಳಿ, ನಾಲ್ಕು ಆಳು.
ಅಂಟು ಆರದ ಕೊಕ್ಕೆಯಲ್ಲಿ ತೂಗಾಡಿತು ದೋಣಿ,
ನೊಣ ಮುತ್ತಿತು.
ಇನ್ನೂರೈವತ್ತೊಂಬತ್ತು ಮುಕ್ಕಾಲು.
ಅವಳು ತಮ್ಮನನ್ನು ನೋಡಿದಳು. ತಮ್ಮ ಟೆಂಪೋದಿಂದ
ಚೀಲವೊಂದನ್ನು ತಂದು ಬಿಚ್ಚಿದ:
ಅಪ್ಪನ ಹಳೇ ಬಲೆಯ ಸೀಸದ ಗುಂಡುಗಳು.
ಒಂದೊಂದೇ ಎಣಿಸಿ ಹಾಕಿದಳು, ಮುಳ್ಳು ನಿಲ್ಲುವ ತನಕ.
ಮಿಕ್ಕಿದ್ದನ್ನು ಗಂಟು ಹಾಕಿ ಮಡಿಲಲ್ಲಿಟ್ಟುಕೊಂಡಳು.

ಫಿನ್ಲೆಂಡು ಎಲ್ಲಿದೆಯೋ, ನನ್ನ ಮೊಮ್ಮಗ ಗೋಳದಲ್ಲಿ ತೋರಿಸಿದ.
ನಲವತ್ತಮೂರು ದೋಣಿ.
ಎಪ್ಪತ್ತು ದಾಟಿದ ಮುದುಕ, ಹದಿನಾರರ ಹುಡುಗಿ,
ಕೈ ಇಲ್ಲದವನು, ಕಟ್ಟುಮಸ್ತು ಆಳು,
ಎಲ್ಲರಿಗೂ ಒಂದೇ ಗೆರೆ, ಒಂದೇ ಪೀಪಿ.
ಕುತ್ತಿಗೆಯ ತನಕ ದೋಣಿಯೊಳಗೆ ಇಳಿದು ಕೂತ ಮೇಲೆ
ಯಾರಿಗೆ ಕಾಲಿದೆ ಯಾರಿಗಿಲ್ಲ, ಅಲೆ ಕೇಳುವುದಿಲ್ಲ.
ಐದು ದಿನ ಆದಾಗ ಒಂಬತ್ತನೆಯವಳಾಗಿದ್ದಳು.

ಕಡೇ ದಿನದ ಕಡೇ ಪಂದ್ಯ.
ಗಾಳಿಯ ತುದಿಯಲ್ಲಿ ತೇಲುವ ಕಿತ್ತಳೆ ಬುರುಡೆ,
ಅದನ್ನು ಸುತ್ತಿ ಬರಬೇಕು, ಮುಟ್ಟಬಾರದು.
ಇವಳ ದೋಣಿಯ ಬಾಲ ಸವರಿತು ಅಷ್ಟೆ,
ಬುರುಡೆ ಮಿಸುಕಲೂ ಇಲ್ಲ.
ನೋಡಿದವರಿಲ್ಲ, ಕೂಗಿದವರಿಲ್ಲ.
ಇವಳೇ ಗುಂಪಿನಿಂದ ಸರಿದು
ನಟ್ಟನಡು ನೀರಿನಲ್ಲಿ ಗುಂಡಗೆ ಒಂದು ಸುತ್ತು ಹಾಕಿದಳು,
ಪಟ ಪಟಪಟ ಅಂದಿತು, ಹರಿಗೋಲಿನ ಹಾಗೆ ತಿರುಗಿತು ದೋಣಿ.
ಆ ಸುತ್ತು ಮುಗಿಯುವುದರೊಳಗೆ ಏಳು ಜನ ಮುಂದೆ ಹೋದರು.
ಪಟ್ಟಿ ಬಂದಾಗ ಹದಿಮೂರನೆಯವಳು.

ಫೋನಿನಲ್ಲಿ ಕೇಳಿದೆ:
'ಯಾರೂ ನೋಡ್ನಿಲ್ವಲ್ಲವ್ವಾ?'
'ಅದ್ ಬುಡಣ್ಣ, ಇಲ್ಲಿ ರಾತ್ರಿನೇ ಆಗಾಕಿಲ್ಲ,
ಹನ್ನೊಂದ್ ಗಂಟೆಗೂ ಬೆಳಕು,
ನಿದ್ದೆ ಎಂಗ್ ಮಾಡೋದು ಹೇಳು.'

ಮಾರನೆ ಬೆಳಿಗ್ಗೆ ಬೋರಯ್ಯನ ಗಾಡಿ ಹತ್ತಿತು.
ಅಂಕಿ ಹಾರಿತು, ಇಳಿಯಿತು, ನಡುಗಿತು.
ನಿಲ್ಲುವ ತನಕ ಕಾದೆ.
ನಿಂತದ್ದನ್ನೇ ಬರೆದೆ.
ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ ಬೋರಯ್ಯ,
'ಯಾಕ್ ಸಾಮಿ, ಇವತ್ತು ಜಾಸ್ತಿ ಬಂದಂಗದೆ?'
'ಯಂತ್ರ ಕೆಟ್ಟದೆ' ಅಂದೆ.

ರಿಪೇರಿ ಆಯ್ತು ಅಂತ ಹೇಳಬೇಕು.
ಇನ್ನೂ ಹೇಳಿಲ್ಲ.