ಒಟ್ಟು

ಜನವರಿಯ ಎರಡನೇ ಶನಿವಾರ.
ಮಂಜು ಇನ್ನೂ ಕಣಿವೆ ಬಿಟ್ಟು ಎದ್ದಿರಲಿಲ್ಲ.
ಸಭೆಯ ಹೊಸ ಪಟ್ಟಿ ಬರೆಯಲು ಮನೆಯಿಂದ ಮನೆಗೆ
ಹತ್ತಿ ಇಳಿದು, ಮಂಡಿ ನೀವಿಕೊಳ್ಳುತ್ತ
ನಿನ್ನ ಬಾಗಿಲಿಗೆ ಬಂದೆ.
ನೀನು ಸೊಂಟಕ್ಕೆ ಮಗ್ಗದ ಪಟ್ಟಿ ಬಿಗಿದು
ಕಪ್ಪು ನೂಲಿನ ನಡುವೆ ಕೆಂಪು ಎಣಿಸುತ್ತಿದ್ದೆ.
"ಕೂರಿ ಹಿರಿಯರೇ. ಎಳೆ ತಪ್ಪೀತು, ಏಳಲಾರೆ."

ನಮ್ಮ ಮಿಜೋ ಮಾತಿನಲ್ಲಿ
ಅವನಿಗೂ ಅವಳಿಗೂ ಒಂದೇ ಸೊಲ್ಲು.
ಅದಕ್ಕೇ ನಮ್ಮನ್ನು ಧಾರಾಳಿಗಳು ಅನ್ನಬೇಡಿ,
ಹೆಸರಿನ ಬಾಲದಲ್ಲಿ ಕಾವಲು ಕೂರಿಸಿದ್ದೇವೆ:
ಗಂಡಾದರೆ ಕೊನೆಗೆ ಆ,
ಹೆಣ್ಣಾದರೆ ಈ.
ನಿನಗೆ ದೀಕ್ಷಾಸ್ನಾನದ ದಿನ ಅಂಟಿದ್ದು ಆ.
ಹದಿನೇಳರಲ್ಲಿ ಅದನ್ನು ಕಿತ್ತುಹಾಕಿದೆ.
ಇನ್ನು ಈ ಹಚ್ಚಿಕೊಳ್ಳುತ್ತೀಯೆಂದು
ಊರು ಕಾದು ಕೂತಿತು.
ನೀನು ಅದನ್ನೂ ಹಚ್ಚಲಿಲ್ಲ.
ರೊದಿಂಗ್ಲಿಯಾನ್. ಅಷ್ಟೇ.
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟ ಹಾಗೆ
ಕರೆದವರ ನಾಲಗೆ ಮುಗ್ಗರಿಸುತ್ತಿತ್ತು.

ಪ್ರಾರ್ಥನಾಲಯದಲ್ಲಿ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು.
ನಡುವಿನ ದಾರಿ ಪಾದ್ರಿಗೆ, ಮದುವೆಗೆ, ಶವಪೆಟ್ಟಿಗೆಗೆ.
ಆರು ವರ್ಷ ನೀನು ಬಾಗಿಲಾಚೆ
ತೊಯ್ದ ಕೊಡೆಗಳ ಜೊತೆ ನಿಂತು ಹಾಡಿದೆ.
ಸಮಿತಿ ನಾಲ್ಕು ಸಲ ಸೇರಿತು, ನಾಲ್ಕು ಸಲ ಚಹಾ ಕುಡಿಯಿತು.
ಬರಲಿ, ಬೇಡವೆಂದವರು ಯಾರು,
ಆದರೆ ಕೂರುವುದೆಲ್ಲಿ?
ಆ ಮಾತು ಆಡಿದವನು ನಾನು.
ಈಗ ಅದನ್ನು ಬೇರೆಯವರ ಬಾಯಿಗೆ ಹಾಕಲಾರೆ.

ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿ
ದೇವರ ಪಾಲೆಂದು ತೆಗೆದಿಡುವುದು ನಮ್ಮ ವಾಡಿಕೆ.
ನೀನು ಹೊರಗೆ ನಿಂತ ಆರು ವರ್ಷವೂ
ನಿನ್ನ ಅಕ್ಕಿ ಒಳಗೆ ಹೋಯಿತು.
ಅದಕ್ಕೆ ಬೆಂಚು ಹುಡುಕಲು
ಯಾರೂ ಸಭೆ ಕರೆಯಲಿಲ್ಲ.

ಜೂನಿನಲ್ಲಿ ನನ್ನ ದಾರ್‌ಮಿಂಗಿ ಹೋದಳು.
ರಾತ್ರಿಯಿಡೀ ನೀನು ಹೆಂಗಸರ ನಡುವೆ
ಅವಳ ತಲೆದೆಸೆಗೆ ಕೂತು ಹಾಡಿದೆ,
ನೀನೇ ನೇಯ್ದದ್ದನ್ನು ಹೊದಿಸಿದೆ.
ಬೆಳಗಾಗುತ್ತಲೇ ಹುಡುಗರ ಸಾಲಿನಲ್ಲಿ
ಮೊಣಕಾಲುದ್ದ ಕೆಸರಿಗಿಳಿದು ಗುಂಡಿ ತೋಡಿದೆ.
ಬಂಡೆ ಸಿಕ್ಕಿತು. ಹಾರೆ ಬಡಿಯುವ ಸದ್ದು
ಮನೆಯವರೆಗೂ ಕೇಳುತ್ತಿತ್ತು.
ಅಂದು ಯಾರೂ ಕೇಳಲಿಲ್ಲ ನೀನು ಎಡವೋ ಬಲವೋ.
ಸಾವಿನ ಮನೆಗೆ ಎರಡು ಕೈ ಸಾಕು.
ಬದುಕಿದವರ ಮನೆಗೆ ಏಕೆ ಸಾಲದೋ,
ಆ ಪ್ರಶ್ನೆ ಅಂದು ನನಗೂ ಹೊಳೆಯಲಿಲ್ಲ.

ಕೊನೆಗೆ ಆದದ್ದಾದರೂ ಏನು?
ಠರಾವಿಲ್ಲ, ಪ್ರಸಂಗವಿಲ್ಲ.
ವೇದಿಕೆಯ ಪಕ್ಕ ಡೋಲು ಬಾರಿಸುವ ಮುದುಕ ಜಾಕುಂಗ
ಒಂದು ಭಾನುವಾರ ಹಾಡಿನ ಅರ್ಧದಲ್ಲಿ
ಬಾಗಿಲ ಕಡೆಗೆ ಕೋಲು ಚಾಚಿದ:
"ಬಾ ಇಲ್ಲಿ, ನನ್ನ ರಟ್ಟೆ ಸೋತಿದೆ."
ನಾನೂರು ಕತ್ತು ತಿರುಗಿದವು.
ನೀನು ನಡುದಾರಿಯಲ್ಲಿ ನಡೆದು ಬಂದೆ,
ತಾಳ ಒಂದೇಟೂ ತಪ್ಪಲಿಲ್ಲ.
ಆ ಡೋಲಿನ ತೊಗಲು ಹಸುವಿನದೋ ಎತ್ತಿನದೋ
ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ಹಾಗಾದರೆ ಏನೆಂದು ಬರೆಯಲಿ?" ಎಂದೆ.
"ಕರೆಯುವುದನ್ನೇ ಬರೆಯಿರಿ."
ಬರೆದೆ. ಅಭ್ಯಾಸಬಲದಿಂದ ಲೇಖನಿ
ಇನ್ನೊಂದಕ್ಷರಕ್ಕೆ ಚಡಪಡಿಸಿತು. ತಡೆದೆ.

ಮೂವತ್ತೊಂದು ವರ್ಷ ಶಾಲೆಯಲ್ಲಿ
ಕೂಡುವ ಲೆಕ್ಕ ಕಲಿಸಿದವನು ನಾನು.
ಗಂಡಸರು ಇನ್ನೂರ ಹನ್ನೆರಡು.
ಹೆಂಗಸರು ಇನ್ನೂರ ಮೂವತ್ತೊಂದು.
ಒಟ್ಟು ನಾನೂರ ನಲವತ್ತನಾಲ್ಕು.
ಮೇಲಿನ ಕಚೇರಿಯಿಂದ ಕೆಂಪು ಸುತ್ತು ಹಾಕಿಸಿಕೊಂಡು
ಪಟ್ಟಿ ವಾಪಸು ಬಂತು: ದಯವಿಟ್ಟು ಪರಿಶೀಲಿಸಿ.
ಕನ್ನಡಕ ಒರೆಸಿದೆ.
ಒಂದೊಂದೇ ಮುಖ ನೆನೆದು, ಬೆರಳು ಮಡಿಸಿ ಎಣಿಸಿದೆ.
ಒಟ್ಟು ಸರಿಯಿದೆ,
ಎಂದು ಬರೆದು ಸಹಿ ಹಾಕಿ ಕಳಿಸಿದ್ದೇನೆ.

ಉತ್ತರ ಇನ್ನೂ ಬಂದಿಲ್ಲ.
ಈ ಭಾನುವಾರ ಸ್ವಲ್ಪ ಬೇಗ ಬಾ.
ಥಂಡಿಗೆ ಡೋಲು ಸಡಿಲಿದೆಯಂತೆ,
ಬೆಂಕಿಗೆ ಹಿಡಿಯಬೇಕು.