ಆರನೇ ಕಂತು

ನಮ್ಮ ಬೀದಿಯೇ ಪರದೆಯ ಮೇಲೆ ಬರುತ್ತದೆಂದು
ಭಾನುವಾರ ರಾತ್ರಿ ಎಲ್ಲರೂ ವುಬ್ಬೊನ ಕಾಫಿ ಅಂಗಡಿಯಲ್ಲಿ.
ಡೆವೆಂಟರ್ ಊರಿನ ಮೇಲೆ ಮಂಜು. ಐಸೆಲ್ ನದಿ
ಸದ್ದಿಲ್ಲದೆ ಹರಿಯುತ್ತಿದೆ ಬೇಹುಗಾರನ ಹಾಗೆ,
ಎನ್ನಬಹುದಿತ್ತು. ಎನ್ನಲಾರೆ.
ಧಾರಾವಾಹಿಯವರೇ ಆ ಹೋಲಿಕೆಯನ್ನು
ಮೂರು ಸಲ ಉಟ್ಟು ಹರಿದಿದ್ದಾರೆ.

ಸಾವಿರದ ಒಂಬೈನೂರ ನಲವತ್ತನಾಲ್ಕು, ಚಳಿಗಾಲ.
"ಹಿಮ ಅಲ್ಲ, ಸಾಬೂನು," ವುಬ್ಬೊ ಸಾರಿದ,
"ಎರಡು ದಿನ ನನ್ನ ಹೊಸಿಲ ತುಂಬ ನೊರೆ."
ಅಂಗಡಿಯ ಬೋರ್ಡು ಇಳಿಸಿದ್ದಕ್ಕೆ ಸಿಕ್ಕ
ಇನ್ನೂರು ಯೂರೋದ ಮಾತೆತ್ತಲಿಲ್ಲ.

ಔಷಧಿ ಅಂಗಡಿಯ ಫೆಮ್ಕೆಗೆ ನಾಯಕಿಯ ಕೋಟಿನ ಮೇಲೆ ಸಿಟ್ಟು:
ಉಪವಾಸದ ವರ್ಷ ಅಷ್ಟೊಂದು ಗುಂಡಿ ಯಾರ ಬಳಿ ಇದ್ದವು?
ಶೂರ್ಡ್ ಮೇಷ್ಟ್ರು ಬೂಟು, ಬಂದೂಕು, ತೋಳಪಟ್ಟಿ
ಒಂದೊಂದಕ್ಕೂ ಇಸವಿ ಹೇಳಿ
ಒಂದೊಂದು ಅಂಕ ಕಳೆದರು.
ಹದಿನಾರರ ನೀಂಕೆಗೆ ದ್ರೋಹಿಯೇ ಇಷ್ಟ.
"ಕಣ್ಣು ನೋಡಿ! ಅಂಥವನು ಹಿಡಿದುಕೊಟ್ಟರೆ
ಹೋಗಲಿ ಬಿಡು ಅನ್ನಿಸುತ್ತೆ."

ಎಲ್ಲರೂ ನಕ್ಕರು. ಮೂಲೆಯ ರೂಲೋಫ್ ನಗಲಿಲ್ಲ.
ಅವನಜ್ಜನ ಹೆಸರನ್ನು ಈ ಬೀದಿಯಲ್ಲಿ
ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.
ಅವನ ಲೋಟಕ್ಕೆ ಲೋಟ ತಾಗಿಸುವುದನ್ನು ಮಾತ್ರ
ಯಾರೂ ಮರೆಯುವುದಿಲ್ಲ, ಲೆಕ್ಕವಿಟ್ಟ ಹಾಗೆ.

ಪರದೆಯಲ್ಲಿ ಹುಡುಗಿಯೊಬ್ಬಳು
ಚೀಟಿಯನ್ನು ಜಡೆಯೊಳಗೆ ಹೆಣೆದುಕೊಂಡು
ಸೈಕಲ್ಲೇರಿ ನಮ್ಮ ಚರ್ಚಿನ ತಿರುವು ದಾಟುತ್ತಾಳೆ. ಪಿಟೀಲು.

"ಸುಳ್ಳು."

ಹಿಲ್ಟ್ಯೆ ಅಜ್ಜಿ. ತೊಂಬತ್ತಮೂರು.
ಐದು ಕಂತು ಮುಗಿದರೂ ಹೆಣಿಗೆಯಿಂದ ತಲೆ ಎತ್ತಿದವಳಲ್ಲ.
"ಟೈರೆಲ್ಲಿತ್ತು ಆಗ? ರಬ್ಬರೆಲ್ಲ ಕಿತ್ತುಕೊಂಡು ಹೋಗಿದ್ದರು.
ಬರೀ ಕಬ್ಬಿಣದ ಗಾಲಿ, ಕಲ್ಲುಹಾಸಿನ ಮೇಲೆ ಗಡಗಡ ಗಡಗಡ,
ಯಾರು ಬಂದರೆಂದು ಮೂರು ಬೀದಿಗೆ ಗೊತ್ತಾಗುತ್ತಿತ್ತು.
ಕದ್ದು ಹೋಗಬೇಕಾದರೆ ಸೈಕಲ್ ಮನೆಯಲ್ಲೇ ಬಿಟ್ಟು
ಮರದ ಜೋಡು ಕೈಯಲ್ಲಿ ಹಿಡಿದು
ಕಾಲುಚೀಲದಲ್ಲೇ ನಡೆಯಬೇಕು."

ನಡೆಯಬೇಕು, ಎಂದಳು; ನಡೆಯುತ್ತಿದ್ದರು, ಎನ್ನಲಿಲ್ಲ.
ಮೇಷ್ಟ್ರು ಆ ಕ್ರಿಯಾಪದವನ್ನು ಗಪ್ಪನೆ ಹಿಡಿದರು:
"ಏನು ಒಯ್ಯುತ್ತಿದ್ದಿರಿ?"
"ಆಲೂಗಡ್ಡೆ."
"ಯಾರಿಗೆ?"
ಅಜ್ಜಿ ಎಣಿಸತೊಡಗಿದಳು. ಒಂದು ಉಲ್ಟಾ, ಎರಡು ಸೀದಾ.
ಸಾಲು ಮುಗಿಸಿ, ಕಡ್ಡಿ ತಿರುಗಿಸಿ,
ಮೂಲೆಯ ಕಡೆಗೆ, ಹವಾಮಾನ ಹೇಳುವವಳಂತೆ:
"ನಿನ್ನಜ್ಜನ ಕಿಟಕಿ ತೆರೆದೇ ಇರುತ್ತಿತ್ತು ಕಣೋ.
ನನ್ನನ್ನು ಕಂಡಿದ್ದ. ಎರಡು ಸಲ."

ಅಷ್ಟೇ. ಮತ್ತೆ ಹೆಣಿಗೆ.

ಪರದೆಯಲ್ಲಿ ಯಾರನ್ನೋ ಗೋಡೆಗೆ ನಿಲ್ಲಿಸಿದ್ದರು;
ಯಾರನ್ನು ಎಂದು ನಾವು ಯಾರೂ ನೋಡಲಿಲ್ಲ.
ನೀಂಕೆ ಒಬ್ಬಳು, ಸ್ವಲ್ಪ ಜೋರಾಗಿಡಿ, ಎಂದಳು.
ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಮಾತು:
ಮುಂದಿನ ಕಂತಿನಲ್ಲಾದರೂ ಪಿಟೀಲು ಕಡಿಮೆ ಮಾಡಲಿ.

ಹೊರಗೆ ಮಂಜು ಇನ್ನೂ ದಟ್ಟ.
ರೂಲೋಫ್ ಸೈಕಲ್ ಹತ್ತಲಿಲ್ಲ.
ಅಜ್ಜಿಯ ಉಣ್ಣೆಯ ಚೀಲ ಹಿಡಿಗೆ ತೂಗುಹಾಕಿ
ಅವಳ ನಡಿಗೆಗೆ ಸರಿಯಾಗಿ
ತಳ್ಳಿಕೊಂಡು ಹೋದ.